ಇಂಗ್ಲಿಷ್ ಸರ್ವನಾಮ, ನಾಮಪದ: ಮಂಡ್ಯದ ಸಂಜೆ ತರಗತಿಯಲ್ಲಿ ಕಲಿಸುವ ಬಗೆ

ವ್ಯಾಕರಣದ ಪುಸ್ತಕಗಳು ನಾಮಪದದ ವ್ಯಾಖ್ಯೆಯಿಂದ ಶುರುವಾಗಿ ಅದರ ವಿಧಗಳಿಗೆ ಹೋಗುತ್ತವೆ. ಮಂಡ್ಯದ ಸಂಜೆ ತರಗತಿಗೆ ಬರುವ ಡಿಗ್ರಿ ಹುಡುಗರಿಗೂ ಅಂಗಡಿ, ಆಫೀಸು ಮುಗಿಸಿ ಬರುವವರಿಗೂ ಆ ವಿಧಗಳೆಲ್ಲ ಬಾಯಿಪಾಠವಾಗಿಯೇ ಇರುತ್ತವೆ. ಆದರೂ ಬಾಯಿ ಬಿಟ್ಟರೆ ‘ಮೈ ಫಾದರ್ ಹೀ ಈಸ್ ಎ ಡ್ರೈವರ್’ ಎಂದೇ ಬರುತ್ತದೆ. ಹಾಗಾಗಿ ನಾನು ಮೊದಲು ಸರ್ವನಾಮ ತೆಗೆದುಕೊಳ್ಳುತ್ತೇನೆ, ನಾಮಪದ ಆಮೇಲೆ. ಎರಡರಲ್ಲೂ ಕನ್ನಡಕ್ಕೂ ಇಂಗ್ಲಿಷಿಗೂ ದಾರಿ ಬೇರೆಯಾಗುವ ಕಡೆ ಮಾತ್ರ ಹೆಚ್ಚು ಹೊತ್ತು ನಿಲ್ಲುತ್ತೇನೆ. ಇವರ ತಪ್ಪುಗಳಲ್ಲಿ ಬಹುಪಾಲು ಕನ್ನಡದ ನಿಯಮವನ್ನು ಸರಿಯಾಗಿ ಪಾಲಿಸಿದ್ದರಿಂದಲೇ ಆದಂಥವು.

ಬೋರ್ಡಿನ ಮೇಲೆ ಏಳು ಸಾಲು, ಐದು ಕಾಲಂ. ಸಾಲಿಗೆ ಐ, ಯು, ಹೀ, ಶೀ, ಇಟ್, ವೀ, ದೇ. ಕಾಲಮ್ಮುಗಳ ತಲೆಗೆ ವ್ಯಾಕರಣದ ಹೆಸರು ಬರೆಯುವುದಿಲ್ಲ. ನಾನು, ನನ್ನನ್ನು, ನನ್ನ, ನನ್ನದು, ನಾನೇ ಎಂದು ಬರೆದರೆ ಸಾಕು. ಮೊದಲ ಸಾಲು ಐ, ಮೀ, ಮೈ, ಮೈನ್, ಮೈಸೆಲ್ಫ್ ಎಂದು ತುಂಬುತ್ತದೆ. ಒಟ್ಟು 35 ಮನೆ. ಅವುಗಳಲ್ಲಿ ‘ಅದರದು’ ಎಂಬ ಒಂದನ್ನು ಖಾಲಿ ಬಿಡಿಸುತ್ತೇನೆ, ಏಕೆಂದರೆ ‘ಇಟ್ಸ್’ ಒಂಟಿಯಾಗಿ ವಾಕ್ಯದ ಕೊನೆಗೆ ಬರುವುದು ಇಲ್ಲವೆನ್ನುವಷ್ಟು ಅಪರೂಪ. ‘ಯು’ ಸಾಲಿನ ಕೊನೆಯ ಮನೆಯಲ್ಲಿ ಎರಡು ಪದ: ಒಬ್ಬರಿಗೆ ಯುವರ್‌ಸೆಲ್ಫ್, ಹಲವರಿಗೆ ಯುವರ್‌ಸೆಲ್ವ್ಸ್. ಎಡವುವುದು ‘ಹೀ’ ಸಾಲಿನಲ್ಲಿ. ಮೈ ಇದ್ದದ್ದು ಮೈಸೆಲ್ಫ್ ಆಯಿತಲ್ಲ, ಹಾಗಾದರೆ ಹಿಸ್‌ಸೆಲ್ಫ್ ಎಂದು ಬರೆಯುತ್ತಾರೆ. ಹಿಮ್‌ಸೆಲ್ಫ್, ಇಟ್‌ಸೆಲ್ಫ್, ದೆಮ್‌ಸೆಲ್ವ್ಸ್ ಎರಡನೆಯ ಕಾಲಂನಿಂದ ಹುಟ್ಟುತ್ತವೆ ಎಂದು ಕೆಂಪು ಚಾಕ್‌ಪೀಸಿನಲ್ಲಿ ಗುರುತು ಹಾಕಿಸಬೇಕು. ‘ಮೈಸೆಲ್ಫ್ ರಮೇಶ್’ ಎಂಬ ಪರಿಚಯವನ್ನು ಅಲ್ಲೇ ನಿಲ್ಲಿಸುತ್ತೇನೆ. ಅದು ‘ಐ ಆಮ್ ರಮೇಶ್’ ಆಗಬೇಕು. ‘ನಾನೇ ಮಾಡಿದೆ’ ಎನ್ನುವಾಗ ಮೈಸೆಲ್ಫ್ ಬರಲಿ.

ಎರಡನೆಯ ಕಾಲಂನ ಕಷ್ಟ ‘ನನಗೆ’ಯದು. ನನಗೆ ಗೊತ್ತು, ನನಗೆ ಬೇಕು, ನನಗೆ ಹಸಿವು, ನನಗೆ ಇಬ್ಬರು ತಂಗಿಯರು: ಇವೆಲ್ಲ ಇಂಗ್ಲಿಷಿನಲ್ಲಿ ‘ಐ’ಯಿಂದ ಶುರುವಾಗಬೇಕು. ‘ಫಾರ್ ಮೀ ಟೂ ಸಿಸ್ಟರ್ಸ್ ಆರ್ ದೇರ್’ ಎನ್ನುವವರಿಗೆ ಒಂದೇ ಪರೀಕ್ಷೆ ಕೊಡುತ್ತೇನೆ. ವಾಕ್ಯದಲ್ಲಿ ಕೆಲಸ ಮಾಡುವ ಇನ್ನೊಬ್ಬರು ಇದ್ದಾರೆಯೇ? ಅಣ್ಣ ನನಗೆ ಪುಸ್ತಕ ಕೊಟ್ಟ ಎಂದರೆ ಕೊಡುವವನು ಅಣ್ಣ, ಆದ್ದರಿಂದ ಮೀ. ಹಾಗೆ ಯಾರೂ ಇಲ್ಲದಿದ್ದರೆ ಐ. ಇಂಥ ಹತ್ತು ವಾಕ್ಯಗಳನ್ನು ದಿನವೂ ಬಾಯಲ್ಲಿ ಹೇಳಿಸಬೇಕು, ಬರೆಸಿದರೆ ಸಾಲದು.

ಎಲ್ಲಕ್ಕಿಂತ ಹೆಚ್ಚು ಸಮಯ ತಿನ್ನುವುದು ‘ಅವರು’. ನಮ್ಮ ಮೇಷ್ಟ್ರು ಬಂದರು, ಅವರು ಪಾಠ ಮಾಡಿದರು ಎಂಬುದು ನೇರವಾಗಿ ‘ದೇ’ ಆಗಿಬಿಡುತ್ತದೆ. ಕೇಳಿದವರಿಗೆ ಇಬ್ಬರು ಮೇಷ್ಟ್ರು ಬಂದಂತೆ. ನಿಯಮ ಹೇಳಿಕೊಟ್ಟರೂ ನಾಲಿಗೆ ಏಳುವುದಿಲ್ಲ, ಹೆಡ್‌ಮಾಸ್ಟರನ್ನು ‘ಹೀ’ ಎಂದರೆ ಏಕವಚನದಲ್ಲಿ ಕರೆದಂತೆ ಅನ್ನಿಸುತ್ತದೆ. ಕೆಲವರು ಆ ಮುಜುಗರ ತಪ್ಪಿಸಲು ‘ಸರ್ ಕೇಮ್, ಸರ್ ಟೋಲ್ಡ್’ ಎಂದು ನಾಮಪದವನ್ನೇ ಮತ್ತೆ ಮತ್ತೆ ಹೇಳುತ್ತಾರೆ. ಇಂಗ್ಲಿಷಿನ ಮರ್ಯಾದೆ ಸರ್ವನಾಮದಲ್ಲಿಲ್ಲ. ಅದು ಸರ್, ಮೇಡಂ, ಪ್ಲೀಸ್, ಕುಡ್ ಯು ಇಂಥ ಮಾತುಗಳಲ್ಲಿದೆ ಎಂದು ಮೊದಲು ಒಪ್ಪಿಸಬೇಕು. ಆಮೇಲೆ ಚೀಟಿ ಆಟ. 20 ಚೀಟಿಗಳಲ್ಲಿ ಅಜ್ಜಿ, ಡಿ.ಸಿ. ಸಾಹೇಬರು, ಕಂಡಕ್ಟರ್, ಅಪ್ಪ ಅಮ್ಮ, ಹಸು, ಸೂರ್ಯ, ಕಾವೇರಿ ಹೀಗೆ ಬರೆದಿಡುತ್ತೇನೆ. ಚೀಟಿ ಎತ್ತಿದವರು ಎರಡೇ ಪ್ರಶ್ನೆ ಕೇಳಿಕೊಳ್ಳಬೇಕು: ಒಂದೋ, ಹಲವೋ? ಒಂದಾದರೆ ಗಂಡೋ, ಹೆಣ್ಣೋ, ಎರಡೂ ಅಲ್ಲವೋ? ಸೂರ್ಯ ಕನ್ನಡದಲ್ಲಿ ‘ಹುಟ್ಟಿದ’, ಕಾವೇರಿ ತಾಯಿ. ಇಂಗ್ಲಿಷಿನ ದಿನಬಳಕೆಯಲ್ಲಿ ಎರಡೂ ಇಟ್. ಗಂಡೋ ಹೆಣ್ಣೋ ಗೊತ್ತಿಲ್ಲದ ಒಬ್ಬರಿಗೆ ಇಂಗ್ಲಿಷಿನವರೂ ‘ದೇ’ ಬಳಸುತ್ತಾರೆ. ಅದನ್ನು ‘ಅವರು’ ಗಟ್ಟಿಯಾದ ಮೇಲೆಯೇ ಹೇಳಿಕೊಡುವುದು, ಇಲ್ಲದಿದ್ದರೆ ಕಲಿತದ್ದೆಲ್ಲ ಕೆಡುತ್ತದೆ.

‘ನಮ್ಮ’ ಕೂಡ ಇದೇ ಜಾತಿಯದು. ನಮ್ಮಮ್ಮ ಎಂಬುದು ‘ಅವರ್ ಮದರ್’ ಆದಾಗ ಯಾರಿಗೂ ಏನೂ ಅನ್ನಿಸುವುದಿಲ್ಲ, ‘ನಮ್ಮ ಯಜಮಾನರು’ ಎಂಬುದು ‘ಅವರ್ ಹಸ್ಬೆಂಡ್’ ಆದಾಗ ಮಾತ್ರ ತರಗತಿ ನಗುತ್ತದೆ. ತಿದ್ದಲು ಎರಡನೆಯದನ್ನೇ ಹಿಡಿಯಿರಿ, ಬೇಗ ನಾಟುತ್ತದೆ.

ಪುಸ್ತಕದಲ್ಲಿ ಸಿಗದ ಇನ್ನೊಂದು ತೊಡಕು ನಮ್ಮ ಸೀಮೆಯ ಉಚ್ಚಾರಣೆ. ಹಳ್ಳಿ ‘ಅಳ್ಳಿ’ಯಾಗುವ, ಹಾಲು ‘ಆಲು’ ಆಗುವ ಬಾಯಲ್ಲಿ ಹೀ ‘ಈ’ ಆಗುತ್ತದೆ, ಹಿಸ್ ‘ಇಸ್’ ಆಗುತ್ತದೆ. ‘ಹಿಸ್ ಪೆನ್’ ಎಂದದ್ದು ‘ಈಸ್ ಪೆನ್’ ಎಂದು ಕೇಳಿಸಿದರೆ ವಾಕ್ಯವೇ ಬೇರೆ. ಶಕಾರ ಸಕಾರವಾಗುವವರಲ್ಲಿ ‘ಶೀ’ಯದೂ ಅದೇ ಪಾಡು, ಅದು ನೋಡು ಎಂಬರ್ಥದ ‘ಸೀ’ ಆಗುತ್ತದೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಈಟ್-ಹೀಟ್, ಆಲ್-ಹಾಲ್, ಏರ್-ಹೇರ್ ಜೋಡಿಗಳನ್ನು ಹೇಳಿಸುತ್ತೇನೆ. ಎರಡನೆಯದಕ್ಕೆ ಉಸಿರು ಕೈಗೆ ತಾಕಬೇಕು. ಇದನ್ನು ನಗೆಯ ವಸ್ತು ಮಾಡಬಾರದು, ಮಾಡಿದರೆ ಅವರು ಬಾಯಿ ತೆರೆಯುವುದನ್ನೇ ಬಿಡುತ್ತಾರೆ.

ಕನ್ನಡದಲ್ಲಿ ‘ಬಂದೆ’ ಎಂದರೆ ನಾನು ಅದರೊಳಗೇ ಇದ್ದೇನೆ. ಇಂಗ್ಲಿಷಿನಲ್ಲಿ ಕರ್ತೃ ಇಲ್ಲದೆ ವಾಕ್ಯ ನಿಲ್ಲದು, ಅಪ್ಪಣೆ ಕೊಡುವಾಗ ಮಾತ್ರ ವಿನಾಯಿತಿ. ಮಳೆ, ಗಂಟೆ, ಚಳಿ, ದೂರ ಇವಕ್ಕೆ ಕರ್ತೃ ಸಿಗದಿದ್ದರೆ ಇಟ್ ಹಾಕಿ: ‘ಇಟ್ ಈಸ್ ರೇನಿಂಗ್’, ‘ಇಟ್ ಈಸ್ ಫೈವ್ ಒ ಕ್ಲಾಕ್’. ಎಲ್ಲರೂ, ಯಾರೂ ಎಂಬೆರಡು ಪದಗಳನ್ನೂ ಇಲ್ಲೇ ಮುಗಿಸಿಬಿಡಬಹುದು. ‘ಎವ್ರಿಬಡಿ’ಗೆ ಆರ್ ಅಲ್ಲ, ಈಸ್. ‘ಯಾರೂ ಬರಲಿಲ್ಲ’ದಲ್ಲಿ ಇಲ್ಲ ಎಂಬುದು ಕ್ರಿಯಾಪದದಲ್ಲಿದೆ, ‘ನೋಬಡಿ ಕೇಮ್’ನಲ್ಲಿ ಅದು ನೋಬಡಿಯಲ್ಲೇ ಇದೆ, ಮತ್ತೆ ‘ಡಿಡ್‌ನಾಟ್’ ಬೇಡ.

ಇನ್ನು ನಾಮಪದ. ಇಲ್ಲಿ ಕೆಲಸ ಇರುವುದು ಬಹುವಚನದಲ್ಲಿ. ಹತ್ತು ರೂಪಾಯಿ, ಎರಡು ಎಕರೆ, ಐದು ಎಮ್ಮೆ: ಸಂಖ್ಯೆ ಬಂದ ಮೇಲೆ ಕನ್ನಡಕ್ಕೆ ‘ಗಳು’ ಬೇಕಿಲ್ಲ, ಇಂಗ್ಲಿಷಿಗೆ ಎಸ್ ಬೇಕೇ ಬೇಕು. ಟೆನ್ ರುಪೀಸ್, ಟೂ ಏಕರ್ಸ್. ಆದರೆ ‘ಎ ಟೆನ್ ರುಪೀ ನೋಟ್’ ಎನ್ನುವಾಗ ಎಸ್ ಬಿದ್ದುಹೋಗುತ್ತದೆ, ಅಲ್ಲಿ ಟೆನ್ ರುಪೀ ಎಂಬುದು ನೋಟಿನ ವಿಶೇಷಣ. ಕುರಿ ಎಷ್ಟಿದ್ದರೂ ಶೀಪ್, ಎತ್ತುಗಳು ಆಕ್ಸೆನ್. ‘ಈ’, ‘ಆ’ ಕನ್ನಡದಲ್ಲಿ ಬದಲಾಗುವುದಿಲ್ಲವಾದ್ದರಿಂದ ‘ದಿಸ್ ಬುಕ್ಸ್’ ಬರುತ್ತದೆ. ಅದು ದೀಸ್ ಬುಕ್ಸ್. ಇದರ ಜೊತೆಗೆ ಕನ್ನಡಕ್ಕೆ ಬಹುವಚನದಲ್ಲೇ ಬಂದು ಕೂತ ಪದಗಳಿವೆ. ‘ಒಬ್ಬ ಲೇಡೀಸ್’ ಎಂದು ಬಸ್ಸಿನಲ್ಲಿ ಕೇಳಿ ಬೆಳೆದವರು ‘ಒನ್ ಲೇಡೀಸ್’ ಎನ್ನದೆ ಇರುತ್ತಾರೆಯೇ?

ಎಣಿಸಲಾಗದ ನಾಮಪದಕ್ಕೆ ಹಾಲು, ನೀರು, ಬೆಲ್ಲ ಉದಾಹರಣೆ ಕೊಟ್ಟರೆ ಎಲ್ಲರಿಗೂ ತಿಳಿಯುತ್ತದೆ. ಮೂರು ಅಚ್ಚು ಬೆಲ್ಲಕ್ಕೆ ‘ತ್ರೀ ಬ್ಲಾಕ್ಸ್ ಆಫ್ ಜ್ಯಾಗರಿ’, ಹತ್ತು ಟನ್ ಕಬ್ಬಿಗೆ ‘ಟೆನ್ ಟನ್ಸ್ ಆಫ್ ಶುಗರ್‌ಕೇನ್’. ಎಸ್ ಅಳತೆಗೆ ಹತ್ತುತ್ತದೆ, ವಸ್ತುವಿಗಲ್ಲ. ತೊಂದರೆ ಕೊಡುವುದು ಮಾಹಿತಿಗಳು, ಸಲಹೆಗಳು, ಪೀಠೋಪಕರಣಗಳು. ಕನ್ನಡ ಎಣಿಸುವುದನ್ನು ಇಂಗ್ಲಿಷ್ ಎಣಿಸುವುದಿಲ್ಲ. ಇದರ ಹಿಂದೆ ತರ್ಕ ಹುಡುಕುತ್ತ ಕೂರುವುದು ದಂಡ. ಇನ್ಫರ್ಮೇಶನ್, ಅಡ್ವೈಸ್, ಫರ್ನಿಚರ್, ಲಗೇಜ್, ಎಕ್ವಿಪ್‌ಮೆಂಟ್, ಹೋಮ್‌ವರ್ಕ್, ಟ್ರಾಫಿಕ್, ನ್ಯೂಸ್ ಈ ಎಂಟನ್ನು ಬಾಯಿಪಾಠ ಮಾಡಿಸಿ. ನ್ಯೂಸ್ ಕೊನೆಯಲ್ಲಿ ಎಸ್ ಇದ್ದರೂ ಅದಕ್ಕೆ ಈಸ್.

ದೊಡ್ಡಕ್ಷರ ಕನ್ನಡ ಲಿಪಿಯಲ್ಲಿಲ್ಲ. ಊರು, ವಾರ, ತಿಂಗಳು, ಭಾಷೆಯ ಹೆಸರು, ಜೊತೆಗೆ ಎಲ್ಲೇ ಬಂದರೂ ‘ಐ’ ಇಷ್ಟಕ್ಕೆ ದೊಡ್ಡಕ್ಷರ ರೂಢಿ ಮಾಡಿಸಿದರೆ ಸದ್ಯಕ್ಕೆ ಸಾಕು. ನದಿಯ ಹೆಸರಿಗೆ ಮುಂದೆ ‘ದ’ ಬೇಕು, ಮಂಡ್ಯ, ಮೈಸೂರಿಗೆ ಬೇಡ.

ಕೊನೆಗೆ ಒಂದು ಪ್ಯಾರಾ ಕೊಡುತ್ತೇನೆ, ಅದರಲ್ಲಿ ಸರ್ವನಾಮವೇ ಇರುವುದಿಲ್ಲ. ವಿಶ್ವೇಶ್ವರಯ್ಯ 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು; ವಿಶ್ವೇಶ್ವರಯ್ಯನವರ ಕಾಲದಲ್ಲೇ, 1916ರಲ್ಲಿ, ಮೈಸೂರು ವಿಶ್ವವಿದ್ಯಾಲಯ ಶುರುವಾಯಿತು; ಹೀಗೆ ಹೆಸರುಗಳೇ ತುಂಬಿರುತ್ತವೆ. ಇಂಗ್ಲಿಷಿಗೆ ತಂದು, ಸಾಧ್ಯವಾದಲ್ಲೆಲ್ಲ ಸರ್ವನಾಮ ಹಾಕಬೇಕು. ‘ಹಿಸ್ ಟೈಮ್’ ಬದಲು ‘ದೇರ್ ಟೈಮ್’ ಬಂದರೆ ‘ಅವರು’ ಇನ್ನೂ ಬಿಟ್ಟಿಲ್ಲ ಎಂದು ಗೊತ್ತಾಗುತ್ತದೆ, ಮತ್ತೆ ಚೀಟಿ ಆಟಕ್ಕೆ ಹೋಗಬೇಕು. ಎಲ್ಲ ಕಡೆ ಸರ್ವನಾಮ ಹಾಕಿದವರಿಗೂ ಪೂರ್ತಿ ಅಂಕ ಇಲ್ಲ. ‘ಲಾರಿ ಬಸ್ಸಿಗೆ ಗುದ್ದಿತು, ಅದು ನಿಂತಿತು’ ಎಂದರೆ ನಿಂತದ್ದು ಯಾವುದು? ಅಂಥ ಕಡೆ ‘ಇಟ್’ ತೆಗೆದು ‘ದ ಬಸ್’ ಎಂದು ವಾಪಸ್ ಬರೆದವರ ಉತ್ತರವೇ ಸರಿ.