ದೂರದಿಂದ ಕಂಡ ಆಕೃತಿ: ಒಂದು ಹಾರರ್ ಸಿನಿಮಾ ಬಿಚ್ಚಿ ನೋಡಿದ ನನ್ನ ಅನುಭವ

ಮೀಡಿಯಾ ಸ್ಟಡೀಸ್ ಕೋರ್ಸಿನಲ್ಲಿ ಒಂದು ಹಾರರ್ ಸಿನಿಮಾ ವಿಶ್ಲೇಷಣೆ ಮಾಡಿ ಅಂದಾಗ ನಾನು ಆರಿಸಿಕೊಂಡಿದ್ದು ಜಾರ್ಜ್ ರೊಮೆರೊ ನಿರ್ದೇಶನದ, 1968ರ 'ನೈಟ್ ಆಫ್ ದಿ ಲಿವಿಂಗ್ ಡೆಡ್'. ಕಾರಣ ದೊಡ್ಡದೇನಲ್ಲ. ಅದಕ್ಕೆ ಕಾಪಿರೈಟ್ ಇಲ್ಲ. ಬಿಡುಗಡೆಗೆ ಮುಂಚೆ ಸಿನಿಮಾದ ಹೆಸರು ಬದಲಾಯಿತು. ಹೊಸ ಟೈಟಲ್ ಕಾರ್ಡಿನಲ್ಲಿ ಕಾಪಿರೈಟ್ ಸಾಲು ಬಿಟ್ಟುಹೋಯಿತು. ಆಗಿನ ಅಮೆರಿಕದ ಕಾನೂನಿನಲ್ಲಿ ಆ ಸಾಲು ಇಲ್ಲದಿದ್ದರೆ ಹಕ್ಕೂ ಇಲ್ಲ. ಹಾಗಾಗಿ ಪುಕ್ಕಟೆ ನೋಡಬಹುದು, ಬೇಕಾದ ಫ್ರೇಮ್ ತೆಗೆದು ಅಂಟಿಸಿಕೊಳ್ಳಬಹುದು.

ನೋಡದವರಿಗೆ ಎರಡು ಮಾತು. ಸತ್ತವರು ಎದ್ದು ಬಂದು ಬದುಕಿರುವವರನ್ನು ತಿನ್ನುತ್ತಾರೆ. ಏಳು ಜನ ಒಂದು ತೋಟದ ಮನೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ರಾತ್ರಿ ಕಳೆಯುವಷ್ಟರಲ್ಲಿ ಉಳಿಯುವವನು ಬೆನ್ ಎಂಬ ಕಪ್ಪು ಯುವಕ ಒಬ್ಬನೇ. ಬೆಳಿಗ್ಗೆ ಕಾಪಾಡಲು ಬಂದವರು ಅವನನ್ನೂ ಎದ್ದ ಹೆಣ ಅಂದುಕೊಂಡು ಗುಂಡು ಹೊಡೆಯುತ್ತಾರೆ. ಕೊನೆ ಹೇಳಿಬಿಟ್ಟೆ ಅಂತ ಬೈಬೇಡಿ, ಅದಿಲ್ಲದೆ ಮುಂದಿನದು ಏನೂ ಹೇಳೋಕಾಗಲ್ಲ.

ನನ್ನ ಮೊದಲ ಕರಡು ಹೇಗಿತ್ತು ಅಂದರೆ, ಓದಿದ ಸಿದ್ಧಾಂತಗಳನ್ನೆಲ್ಲ ಸಾಲಾಗಿ ನಿಲ್ಲಿಸಿದ್ದೆ. ಜನಪದ ಕತೆಗಳ ಪಾತ್ರಗಳನ್ನು ವಿಂಗಡಿಸಿದ ಪ್ರಾಪ್ ಪ್ರಕಾರ ಬೆನ್ ನಾಯಕ, ಹೆಣಗಳು ಖಳರು. ಮಾನವಶಾಸ್ತ್ರಜ್ಞ ಲೆವಿ-ಸ್ಟ್ರಾಸ್ ಪ್ರಕಾರ ಜೀವ-ಸಾವು, ಒಳಗೆ-ಹೊರಗೆ ಎಂಬ ವೈರುಧ್ಯ ಜೋಡಿಗಳು. ಕತೆಗಳ ರಚನೆಯ ಬಗ್ಗೆ ಬರೆದ ಟೊಡೊರೊವ್ ಪ್ರಕಾರ ಸಮತೋಲನ, ಅದು ಕೆಡುವುದು, ಮತ್ತೆ ಸಮತೋಲನ. ಮೇಡಂ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದರು: 'ಇಷ್ಟನ್ನು ಸಿನಿಮಾ ನೋಡದೆಯೂ ಬರೀಬಹುದು, ಅಲ್ವಾ?'

ಇನ್ನೊಂದು ಎಡವಟ್ಟೂ ಆಗಿತ್ತು. ನಾನು ನೋಡಿದ್ದು ಯಾವುದೋ ಹಾಳಾದ ಪ್ರಿಂಟ್. ಹಕ್ಕಿಲ್ಲದ ಸಿನಿಮಾ, ಯಾರು ಬೇಕಾದರೂ ಕಾಪಿ ಹೊಡೆದಿದ್ದಾರೆ. ಮುಖಗಳೆಲ್ಲ ಮಸಿ ಬಳಿದ ಹಾಗಿದ್ದವು. ಅದನ್ನೇ ಹಿಡಿದುಕೊಂಡು 'ಲೋ-ಕೀ ಲೈಟಿಂಗ್ (ಬೆಳಕು ಕಡಿಮೆ, ನೆರಳು ಜಾಸ್ತಿ) ಮೂಲಕ ನಿರ್ದೇಶಕರು ಪಾತ್ರಗಳ ಗುರುತನ್ನೇ ಅಳಿಸುತ್ತಾರೆ' ಅಂತ ಒಂದಿಡೀ ಪ್ಯಾರಾ ಬರೆದೆ. ಆಮೇಲೆ ರಿಸ್ಟೋರ್ ಮಾಡಿದ ಪ್ರತಿ ನೋಡಿದರೆ ಕಣ್ಣು, ಬೆವರು, ಗೋಡೆಯ ಕಾಗದ ಎಲ್ಲ ಸ್ಪಷ್ಟವಾಗಿ ಕಾಣ್ತಿದೆ! ಆ ಪ್ಯಾರಾ ಕಸದ ಬುಟ್ಟಿಗೆ ಹೋಯಿತು. ಅಂದಿನಿಂದ ಯಾವ ಪ್ರತಿ ನೋಡ್ತಿದ್ದೇನೆ ಅನ್ನೋದನ್ನು ಮೊದಲು ವಿಚಾರಿಸುತ್ತೇನೆ.

ಎರಡನೇ ಸಲ ಸಿದ್ಧಾಂತದ ನೋಟ್ಸ್ ಮುಚ್ಚಿಟ್ಟೆ. ಮೊದಲ ಹತ್ತು ನಿಮಿಷ, ಕೊನೆಯ ಹತ್ತು ನಿಮಿಷ, ಇಷ್ಟೇ ಸಾಕು ಅಂತ ನಿರ್ಧರಿಸಿದೆ. ಒಮ್ಮೆ ಮ್ಯೂಟ್ ಮಾಡಿ ನೋಡಿದೆ. ಒಮ್ಮೆ ಪರದೆಗೆ ಬೆನ್ನು ಹಾಕಿ ಕೂತು ಬರೀ ಕೇಳಿದೆ. ಮೂರನೇ ಸಲ ಶಾಟ್ ಶಾಟ್‌ಗೂ ನಿಲ್ಲಿಸಿ, ಏನು ಕಾಣುತ್ತದೆ ಅನ್ನೋದನ್ನು ಒಂದು ಕಡೆ, ಅದು ಏನನ್ನು ನೆನಪಿಸುತ್ತದೆ ಅನ್ನೋದನ್ನು ಇನ್ನೊಂದು ಕಡೆ ಬರೆದೆ. ಡಿನೊಟೇಷನ್, ಕಾನೊಟೇಷನ್ ಅಂತಾರಲ್ಲ, ಅಷ್ಟೇ. ಎರಡನ್ನೂ ಕಲಸದೆ ಬರೆಯೋದು ಮಾತ್ರ ಕಷ್ಟ. 'ಭಯಾನಕ ವ್ಯಕ್ತಿ' ಅಂತ ಎಡಗಡೆ ಬರೆದುಬಿಡ್ತಿದ್ದೆ. ಅದನ್ನು ಹೊಡೆದುಹಾಕಿ 'ಸೂಟು ಹಾಕಿದ ಗಂಡಸು, ದೂರದಲ್ಲಿ, ನಿಧಾನ ನಡಿಗೆ' ಅಂತ ತಿದ್ದಬೇಕು.

ಆ ತಿದ್ದಿದ ಸಾಲೇ ನನಗೆ ದಾರಿ ತೋರಿಸಿತು.

ಸಿನಿಮಾದ ಶುರುವಿನಲ್ಲಿ ಜಾನಿ ಮತ್ತು ಬಾರ್ಬರಾ ಎಂಬ ಅಣ್ಣ-ತಂಗಿ ಸ್ಮಶಾನಕ್ಕೆ ಬಂದಿರುತ್ತಾರೆ. ದೂರದಲ್ಲಿ ಒಬ್ಬ ನಡೆದು ಬರುತ್ತಿರುತ್ತಾನೆ. ತಂಗಿಯನ್ನು ಹೆದರಿಸಲು ಜಾನಿ ಅವನತ್ತ ಕೈತೋರಿಸಿ, ನಿನ್ನ ಹಿಡಿಯೋಕೆ ಬಂದ ನೋಡು ಅಂತ ತಮಾಷೆ ಮಾಡುತ್ತಾನೆ. ಅವಳಿಗೆ ನಾಚಿಕೆ. ಪಾಪ, ಯಾರೋ ಸಾಮಾನ್ಯ ಮನುಷ್ಯ ಅಂದುಕೊಂಡು ಅವನ ಹತ್ತಿರವೇ ಹೋಗುತ್ತಾಳೆ. ಅವನು ಹೆಣ. ಈಗ ಕೊನೆಗೆ ಬನ್ನಿ. ಬೆನ್ ನೆಲಮಾಳಿಗೆಯಿಂದ ಮೇಲೆ ಬಂದು ಕಿಟಕಿಯಾಚೆ ಇಣುಕುತ್ತಾನೆ. ಹೊರಗಿನವರಿಗೆ ಕಾಣುವುದು ದೂರದಲ್ಲಿ ಒಂದು ಆಕೃತಿ. ಹೆಣ ಅಂದುಕೊಂಡು ಹೊಡೆಯುತ್ತಾರೆ. ಅವನು ಮನುಷ್ಯ.

ಅಲ್ಲಿ ಹೆಣವನ್ನು ಮನುಷ್ಯ ಅಂತ ಓದಿದರು, ಇಲ್ಲಿ ಮನುಷ್ಯನನ್ನು ಹೆಣ ಅಂತ. ಎರಡೂ ಕಡೆ ದೂರ. ಮ್ಯೂಟ್ ಮಾಡಿ ನೋಡದಿದ್ದರೆ ಇದು ನನಗೆ ಹೊಳೆಯುತ್ತಲೇ ಇರಲಿಲ್ಲ.

ಬೆನ್ನು ಹಾಕಿ ಕೇಳಿದಾಗ ಕಿವಿಗೆ ಬಿದ್ದದ್ದು ಇನ್ನೊಂದು. ಕೊನೆಯ ಭಾಗದಲ್ಲಿ ಗುಂಡಿನ ಸದ್ದು, ನಾಯಿ ಬೊಗಳೋದು, ಶೆರಿಫ್‌ನ ನಿರಾಳ ದನಿ. ಈ ದನಿ ಎಲ್ಲೋ ಕೇಳಿದ ಹಾಗಿದೆಯಲ್ಲ ಅನಿಸಿತು. ಹಿಂದಕ್ಕೆ ಓಡಿಸಿದೆ. ಹೌದು, ಅದೇ ಶೆರಿಫ್ ರಾತ್ರಿ ಟಿವಿ ಸುದ್ದಿಯಲ್ಲಿ ಬಂದಿದ್ದ, ಹೆಣಗಳನ್ನು ಹೇಗೆ ಮುಗಿಸಬೇಕು ಅಂತ ವರದಿಗಾರನಿಗೆ ಹೇಳುತ್ತಿದ್ದ. ಅದನ್ನು ನೋಡುತ್ತಾ ಕೂತವರಲ್ಲಿ ಬೆನ್ ಕೂಡ ಇದ್ದ. ತನ್ನ ಸಾವಿಗೆ ಅಪ್ಪಣೆ ಕೊಡುವವನನ್ನು ಕೆಲವೇ ಗಂಟೆ ಮೊದಲು ಟಿವಿಯಲ್ಲಿ ನೋಡಿ, ಸದ್ಯ ಸಹಾಯ ಬರ್ತಿದೆ ಅಂತ ನಂಬಿದ್ದ. ಇಡೀ ಮನೆ ಜಗಳದಲ್ಲಿ ಬೇಯುತ್ತಿರುವಾಗ ಎಲ್ಲರನ್ನೂ ಸುಮ್ನೆ ಕೂರಿಸುವುದು ಆ ಟಿವಿ ಒಂದೇ.

ಇಲ್ಲಿ ಟೊಡೊರೊವ್ ಮತ್ತೆ ನೆನಪಾದ, ಈ ಸಲ ತಾನಾಗಿಯೇ. ಕೊನೆಯಲ್ಲಿ ಸಮತೋಲನ ಮರಳಿ ಬರುತ್ತದೆ ನಿಜ. ಪೊಲೀಸರಿದ್ದಾರೆ, ಬೆಳಕಾಗಿದೆ. ಆದರೆ ಬೆನ್‌ನನ್ನು ಕೊಲ್ಲುವುದು ಆ ಮರಳಿ ಬಂದ ವ್ಯವಸ್ಥೆಯೇ. ಸಿದ್ಧಾಂತ ಸರಾಗವಾಗಿ ಹೊಂದುವಾಗ ನನಗೆ ಬರೆಯಲು ಏನೂ ಇರಲಿಲ್ಲ. ಸಿಕ್ಕಿಕೊಂಡ ಜಾಗದಲ್ಲಿ ಎರಡು ಪುಟ ಬಂತು. ಸಿನಿಮಾ ವಿದ್ವಾಂಸೆ ಕ್ಯಾರಲ್ ಕ್ಲೋವರ್ ಹೇಳಿದ 'ಫೈನಲ್ ಗರ್ಲ್', ಅಂದರೆ ಹಾರರ್ ಸಿನಿಮಾದಲ್ಲಿ ಕೊನೆಗೆ ಬದುಕುಳಿಯುವ ಹುಡುಗಿ, ಅನ್ನೋದನ್ನೂ ತುರುಕಲು ನೋಡಿದೆ, ಕೂರಲಿಲ್ಲ. ಆಘಾತಕ್ಕೆ ಬಾರ್ಬರಾ ಮಾತೇ ಕಳೆದುಕೊಂಡಿರುತ್ತಾಳೆ, ಕೊನೆಯವರೆಗೂ ಉಳಿಯುವುದಿಲ್ಲ. ಬಿಟ್ಟುಬಿಟ್ಟೆ.

ಜಾಸ್ತಿ ತಲೆ ತಿಂದದ್ದು ಬೆನ್‌ನ ಬಣ್ಣದ ವಿಷಯ. ಆಡಿಷನ್‌ನಲ್ಲಿ ಬೆನ್ ಪಾತ್ರ ಮಾಡಿದ ಡ್ವೇನ್ ಜೋನ್ಸ್ ಎಲ್ಲರಿಗಿಂತ ಚೆನ್ನಾಗಿ ಮಾಡಿದರು, ಅದಕ್ಕೇ ಆರಿಸಿದ್ದು ಅಂತ ರೊಮೆರೊ ಹೇಳುತ್ತಾ ಬಂದರು. ಹಾಗಾದರೆ ಜನಾಂಗದ ಪ್ರಶ್ನೆಯನ್ನು ನಾನು ಸುಮ್ನೆ ಅಂಟಿಸ್ತಿದ್ದೀನಾ? ಮಾಧ್ಯಮ ಚಿಂತಕ ಸ್ಟುವರ್ಟ್ ಹಾಲ್ 1973ರಲ್ಲಿ ಮುಂದಿಟ್ಟ ಎನ್‌ಕೋಡಿಂಗ್-ಡಿಕೋಡಿಂಗ್ ಇಲ್ಲಿ ಕೈಹಿಡಿಯಿತು. ತಯಾರಿಸಿದವರು ಒಳಗಿಟ್ಟ ಅರ್ಥವೂ ನೋಡುವವರು ತೆಗೆದುಕೊಳ್ಳುವ ಅರ್ಥವೂ ಒಂದೇ ಆಗಿರಬೇಕಿಲ್ಲ. 1968ರ ಅಕ್ಟೋಬರ್‌ನಲ್ಲಿ ಥಿಯೇಟರಿನಲ್ಲಿ ಕೂತವರಿಗೆ ಅದೇ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಗುಂಡೇಟಿಗೆ ಬಲಿಯಾಗಿದ್ದು ಗೊತ್ತು. 1963ರಲ್ಲಿ ಅಮೆರಿಕದ ಬರ್ಮಿಂಗ್‌ಹ್ಯಾಮ್‌ನಲ್ಲಿ ಹಕ್ಕು ಕೇಳಿದ ಕಪ್ಪು ಜನರ ಮೇಲೆ ಪೊಲೀಸರು ನಾಯಿ ಬಿಟ್ಟ ಫೋಟೋಗಳನ್ನು ಪತ್ರಿಕೆಗಳಲ್ಲಿ ನೋಡಿದ ಕಣ್ಣು ಅವು. ಆ ಕಣ್ಣಿಗೆ ಬಂದೂಕು ಹಿಡಿದ ಬಿಳಿಯರ ಗುಂಪು, ನಾಯಿಗಳು, ಬಿದ್ದ ಕಪ್ಪು ಮನುಷ್ಯ. ಏನು ನೆನಪಾಗಬಹುದು?

ಗುಂಡಿನ ನಂತರ ಚಲಿಸುವ ಚಿತ್ರ ನಿಂತು, ಬರೀ ಸ್ಟಿಲ್ ಫೋಟೋಗಳು ಬರುತ್ತವೆ. ಕಾಳುಕಾಳಾದ, ಪತ್ರಿಕೆಯಲ್ಲಿ ಅಚ್ಚಾದಂಥ ಫೋಟೋಗಳು. ಮಾಂಸದ ಅಂಗಡಿಯ ಕೊಕ್ಕೆ ಹಿಡಿದ ಗಂಡಸರು ಬೆನ್‌ನನ್ನು ಚಿತೆಗೆ ಸಾಗಿಸುತ್ತಿದ್ದಾರೆ. ಒಂದೂವರೆ ಗಂಟೆ ಕಾಲ್ಪನಿಕ ಕತೆ ನೋಡಿದವರ ಮುಂದೆ ಕೊನೆಗೆ ಸುದ್ದಿ ಪತ್ರಿಕೆ ಹಿಡಿದ ಹಾಗೆ. ಆ ಫೋಟೋ ಒಂದರ ಕೆಳಗೆ ಮರುದಿನದ ಪತ್ರಿಕೆ ಯಾವ ಅಡಿಬರಹ ಹಾಕಿರುತ್ತಿತ್ತು ಅಂತ ಬರೆದು ನೋಡಿದೆ. 'ಇನ್ನೊಂದು ಹೆಣ ನಾಶ' ಅಂತಷ್ಟೇ ಬಂತು. ವಿಶ್ಲೇಷಣೆಯ ಕೊನೆಯ ಪುಟದಲ್ಲಿ ಆ ಫ್ರೇಮ್ ಅಂಟಿಸಿ, ಕೆಳಗೆ ಅಡಿಬರಹದ ಜಾಗ ಖಾಲಿ ಬಿಟ್ಟು ಕೊಟ್ಟುಬಂದೆ.