ಬ್ರ್ಯಾಗಡೋಶಿಯೋ ಎಂಬ ಪದವನ್ನು ಮರೆಯದಂತೆ ಕಲಿಯುವುದು ಹೇಗೆ?

ನಾನು ಇಂಗ್ಲಿಷ್ ಹೇಳಿಕೊಡುವ ಮಕ್ಕಳಿಗೆ ಡಿಕ್ಷನರಿ ಆಮೇಲೆ ತೆಗೆಯಿರಿ ಅನ್ನುತ್ತೇನೆ. 'ಪೊಳ್ಳು ಬಡಾಯಿ' ಅಂತ ಸುಮ್ನೆ ಓದಿಕೊಂಡರೆ ನಾಳೆಗೆ ಮರೆತುಹೋಗುತ್ತದೆ. ಮೊದಲು ಆಸಾಮಿಯ ಪರಿಚಯ ಮಾಡಿಕೊಳ್ಳಿ.

ಹೌದು, ಇದು ಒಬ್ಬ ಆಸಾಮಿಯ ಹೆಸರು. ಎಡ್ಮಂಡ್ ಸ್ಪೆನ್ಸರ್ 1590ರಲ್ಲಿ 'ದಿ ಫೇರಿ ಕ್ವೀನ್' ಕಾವ್ಯದ ಮೊದಲ ಮೂರು ಭಾಗಗಳನ್ನು ಅಚ್ಚು ಹಾಕಿಸಿದ. ಅದರಲ್ಲಿ ಇವನು ಗೈಯನ್ ಎಂಬ ವೀರನ ಕುದುರೆ, ಈಟಿ ಎರಡನ್ನೂ ಕದ್ದು, ತಾನೇ ಮಹಾ ಶೂರ ಎಂದು ಮೆರೆಯುತ್ತಾನೆ. ಹೊಗಳಲು ಟ್ರೊಂಪಾರ್ಟ್ ಎಂಬ ಬಾಲಬಡುಕ ಬೇರೆ. ಕಾಡಿನಲ್ಲಿ ಕೊಂಬಿನ ಸದ್ದು ಕೇಳಿದ್ದೇ ತಡ, ಶೂರ ಪೊದೆಯೊಳಗೆ! ಬಂದವಳು ಬೇಟೆಗಾತಿ ಬೆಲ್ಫೀಬಿ. ಅಲುಗುವ ಪೊದೆಯಲ್ಲಿ ಮೃಗವಿದೆ ಎಂದು ಆಯುಧ ಎತ್ತುತ್ತಾಳೆ. ತೆವಳಿಕೊಂಡು ಹೊರಬಂದವನು ಮತ್ತೆ ಬಡಾಯಿ ಶುರು ಮಾಡುತ್ತಾನೆ. 'ಉತ್ತರನ ಪೌರುಷ ಒಲೆ ಮುಂದೆ' ಎಂಬ ಗಾದೆ ಗೊತ್ತಿದ್ದವರಿಗೆ ಇವನು ಹೊಸಬನೇನಲ್ಲ, ಅಲ್ವಾ?

1596ರಲ್ಲಿ ಬಂದ ಐದನೇ ಭಾಗದಲ್ಲಿ ಕಳ್ಳ ಸಿಕ್ಕಿಬೀಳುತ್ತಾನೆ. ಕುದುರೆಯ ಬಾಯೊಳಗೆ ಲಾಳದ ಆಕಾರದ ಕಪ್ಪು ಮಚ್ಚೆಯಿದೆ ಎಂದು ಗೈಯನ್ ಗುರುತು ಹೇಳುತ್ತಾನೆ. ನನಗೆ ಇಡೀ ಕಥೆಯಲ್ಲಿ ಜಾಸ್ತಿ ಇಷ್ಟವಾದ ಜಾಗ ಇದು.

ಹೆಸರು ಇಟಾಲಿಯನ್ ಥರ ಕೇಳಿಸುವುದು ಸ್ಪೆನ್ಸರನ ಕಿತಾಪತಿ. 'ಬ್ರ್ಯಾಗ್' (ಬಡಾಯಿ ಕೊಚ್ಚು) ಎಂಬ ಇಂಗ್ಲಿಷ್ ಮಾತಿಗೆ ಇಟಾಲಿಯನ್ ಬಾಲ ಅಂಟಿಸಿದ್ದಾನೆ. ಕೆಲವೇ ವರ್ಷಗಳಲ್ಲಿ ಜನ ಬಡಾಯಿಗಾರರನ್ನೆಲ್ಲ ಹೀಗೆ ಕರೆಯತೊಡಗಿದರು. ಬಡಾಯಿಗೇ ಆ ಹೆಸರು ಬಂದಿದ್ದು 18ನೇ ಶತಮಾನದಲ್ಲಿ.

ಬರೆಯುವಾಗ (braggadocio) ಜಿ ಎರಡು, ಸಿ ಒಂದೇ. ಹೇಳುವಾಗ ಒತ್ತು 'ಡೋ' ಮೇಲೆ. ಕೊನೆಯಲ್ಲಿ 'ಶಿಯೋ' ಅಂದರೂ 'ಸಿಯೋ' ಅಂದರೂ ನಡೆಯುತ್ತದೆ.

ಬಳಸುವಾಗ ಸ್ವಲ್ಪ ಜೋಪಾನ. ಈಗ ಇದು ಗುಣದ ಹೆಸರು. ಹಾಗಾಗಿ 'ಹಿ ಈಸ್ ಬ್ರ್ಯಾಗಡೋಶಿಯೋ' ತಪ್ಪು, 'ಹಿ ಈಸ್ ಫುಲ್ ಆಫ್ ಬ್ರ್ಯಾಗಡೋಶಿಯೋ' ಸರಿ. ನಿಜವಾಗಿ ಗೆದ್ದವರ ಹೆಮ್ಮೆಗೆ ಈ ಪದ ಹಚ್ಚಬೇಡಿ, ಅವರಿಗೆ 'ಪ್ರೈಡ್' ಸಾಕು. ಆದರೆ ರಾಪ್ ಹಾಡುಗಳ ವಿಮರ್ಶೆಯಲ್ಲಿ ಕಂಡರೆ ಬೈಗುಳ ಎಂದುಕೊಳ್ಳಬೇಡಿ. ತನ್ನನ್ನು ತಾನೇ ಹೊಗಳಿಕೊಂಡು ಎದುರಾಳಿಯನ್ನು ಕೆಣಕುವುದು ಅಲ್ಲಿ ಹಾಡುಗಾರಿಕೆಯ ಒಂದು ವರಸೆ.