ನೀಲಿ ಪರದೆ ಬಂತೆಂದು ಫಾರ್ಮ್ಯಾಟ್ ಮಾಡಿಸಬೇಡಿ

ಕೆಲಸದ ನಡುವೆ ಪರದೆ ನೀಲಿಯಾಗಿ, ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ಅಂಗಡಿಗೆ ಒಯ್ದರೆ ಮೊದಲ ಮಾತೇ ‘ಫಾರ್ಮ್ಯಾಟ್ ಮಾಡ್ಬೇಕು’. ಒಪ್ಪುವ ಮೊದಲು ತಡೆಯಿರಿ. ಎಷ್ಟೋ ಸಲ ತಪ್ಪಿರುವುದು ಒಂದೇ ಒಂದು ಡ್ರೈವರ್‌ನಲ್ಲಿ, ಅಂದರೆ ಯಂತ್ರದ ಒಂದು ಭಾಗವನ್ನು ನಡೆಸುವ ಸಾಫ್ಟ್‌ವೇರ್‌ನಲ್ಲಿ. ಅದರ ಹೆಸರು ಸಿಕ್ಕರೆ ಫೋಟೊ, ಕಡತ ಯಾವುದನ್ನೂ ಕಳೆದುಕೊಳ್ಳದೆ ಸರಿಪಡಿಸಬಹುದು.

ಬ್ರೌಸರ್ ಕೆಟ್ಟರೆ ಅದೊಂದೇ ಮುಚ್ಚಿಕೊಳ್ಳುತ್ತದೆ. ಗ್ರಾಫಿಕ್ಸ್, ವೈಫೈ ಡ್ರೈವರ್‌ಗಳು ಹಾಗಲ್ಲ, ವಿಂಡೋಸ್‌ನ ತಿರುಳಾದ ಕರ್ನಲ್‌ನಲ್ಲೇ ಓಡುತ್ತವೆ. ಅಲ್ಲಿ ಒಂದು ಡ್ರೈವರ್ ಮುಟ್ಟಬಾರದ ಮೆಮೊರಿಗೆ ಕೈ ಹಾಕಿದರೆ, ಡೇಟಾ ಹಾಳಾಗದಿರಲೆಂದು ವಿಂಡೋಸ್ ಇಡೀ ಯಂತ್ರವನ್ನೇ ನಿಲ್ಲಿಸುತ್ತದೆ. 2024ರ ಜುಲೈ 19ರಂದು ಭದ್ರತಾ ಸಾಫ್ಟ್‌ವೇರ್ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ನಿಂತುಹೋಗಿದ್ದೂ ಹೀಗೆಯೇ: ದೋಷವಿದ್ದ ಫೈಲ್ ಓದುವಾಗ ಅದರ ಕರ್ನಲ್ ಡ್ರೈವರ್ ಎಡವಿತ್ತು.

ಮೊದಲು ಮೊಬೈಲ್‌ನಲ್ಲಿ ಪರದೆಯ ಫೋಟೊ ತೆಗೆಯಿರಿ (ವಿಂಡೋಸ್ 11ರ ಹೊಸ ಆವೃತ್ತಿಯಲ್ಲಿ ಅದು ಕಪ್ಪಾಗಿರುತ್ತದೆ). ಸ್ಟಾಪ್ ಕೋಡ್ (ದೋಷದ ಹೆಸರು) ಕೆಳಗೆ ‘ವಾಟ್ ಫೇಲ್ಡ್’ ಎಂಬ ಸಾಲಿದ್ದರೆ ಅಲ್ಲಿರುವ ಫೈಲ್ ಹೆಸರೇ ಸುಳಿವು. ‘ಎನ್‌ವಿಎಲ್‌ಡಿಡಿಎಂಕೆಎಂ’ ಎಂದಿದ್ದರೆ ಅದು ಎನ್ವಿಡಿಯಾ ಗ್ರಾಫಿಕ್ಸ್ ಡ್ರೈವರ್. ‘ಎನ್‌ಟಿಒಎಸ್‌ಕೆಆರ್‌ಎನ್‌ಎಲ್’ ಎಂದಿದ್ದರೆ ಅದು ವಿಂಡೋಸ್‌ನದೇ ಕಡತ. ಸಾಮಾನ್ಯವಾಗಿ ಕಳ್ಳ ಬೇರೆಡೆ ಇರುತ್ತಾನೆ. ಆಗ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್‌ನಲ್ಲಿರುವ ಮಿನಿಡಂಪ್ ಕಡತಗಳನ್ನು (ಪ್ರತಿ ಕ್ರ್ಯಾಶ್‌ನ ದಾಖಲೆ) ‘ಬ್ಲೂಸ್ಕ್ರೀನ್‌ವ್ಯೂ’ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ತೆರೆಯಿರಿ. ಒಂದೇ ಡಂಪ್ ನಂಬಬೇಡಿ. ಎರಡು ಮೂರರಲ್ಲಿ ಒಂದೇ ಹೆಸರು ಬಂದರೆ ಅನುಮಾನ ಗಟ್ಟಿ.

‘ವಿಡಿಯೊ ಟಿಡಿಆರ್ ಫೇಲ್ಯೂರ್’ ಎಂಬ ಕೋಡನ್ನೇ ನೋಡಿ. ಗ್ರಾಫಿಕ್ಸ್ ಚಿಪ್ 2 ಸೆಕೆಂಡ್ ಉತ್ತರಿಸದಿದ್ದರೆ ವಿಂಡೋಸ್ ಅದನ್ನು ರೀಸೆಟ್ ಮಾಡಲು ನೋಡುತ್ತದೆ. ಅದೂ ಆಗದಿದ್ದಾಗ ಈ ಕೋಡ್ ಬರುತ್ತದೆ. ದೂಳು ಕಟ್ಟಿದ ಫ್ಯಾನ್‌ನಿಂದ ಚಿಪ್ ಕಾದರೂ ಇದೇ ಬರಬಹುದು. ಹಾಗಾಗಿ ಫ್ಯಾನ್ ಮೊದಲು ಸ್ವಚ್ಛವಾಗಲಿ.

ಲಾಗಿನ್ ಆಗುವಷ್ಟರಲ್ಲೇ ಕ್ರ್ಯಾಶ್ ಆಗುತ್ತಿದ್ದರೆ ಅಗತ್ಯ ಡ್ರೈವರ್‌ಗಳಷ್ಟೇ ಓಡುವ ಸೇಫ್ ಮೋಡ್ ಬೇಕು. ಲಾಗಿನ್ ಪರದೆಯಲ್ಲಿ ಶಿಫ್ಟ್ ಹಿಡಿದು ರೀಸ್ಟಾರ್ಟ್ ಕೊಡಿ. ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್, ಬಳಿಕ 4 ಒತ್ತಿ. ಇಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್‌ನ 48 ಅಂಕಿಯ ಕೀ ಕೇಳಬಹುದು. ಮೈಕ್ರೋಸಾಫ್ಟ್ ಖಾತೆಯಲ್ಲಿದ್ದರೆ ಮೊಬೈಲ್‌ನಿಂದ ನೋಡಿ ಬರೆದಿಟ್ಟುಕೊಂಡೇ ಮುಂದುವರಿಯಿರಿ.

ಈಗ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಅನುಮಾನ ಗ್ರಾಫಿಕ್ಸ್ ಡ್ರೈವರ್ ಮೇಲಿದ್ದರೆ ‘ಡಿಸ್‌ಪ್ಲೇ ಅಡಾಪ್ಟರ್ಸ್’ ಅಡಿಯ ಹೆಸರಿನ ಮೇಲೆ ಡಬಲ್ ಕ್ಲಿಕ್ ಮಾಡಿ, ಡ್ರೈವರ್ ಟ್ಯಾಬ್‌ನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ. ಇತ್ತೀಚಿನ ಅಪ್‌ಡೇಟ್ ನಂತರ ತೊಂದರೆ ಶುರುವಾಗಿದ್ದರೆ ಬಹುಶಃ ಇಷ್ಟೇ ಸಾಕು.

ಆ ಬಟನ್ ಮಂಕಾಗಿದ್ದರೆ ಹಳೆಯ ಡ್ರೈವರ್ ಉಳಿದಿಲ್ಲವೆಂದರ್ಥ. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ನಿಮ್ಮ ಮಾಡೆಲ್‌ನ ಡ್ರೈವರನ್ನು ಮೊದಲೇ ಇಳಿಸಿಕೊಳ್ಳಿ. ಇಂಟರ್ನೆಟ್ ಕಡಿದು, ‘ಅನ್‌ಇನ್‌ಸ್ಟಾಲ್ ಡಿವೈಸ್’ನಲ್ಲಿ ಡ್ರೈವರ್ ತೆಗೆದುಹಾಕುವ ಚೌಕಕ್ಕೂ ಟಿಕ್ ಹಾಕಿ. ರೀಸ್ಟಾರ್ಟ್ ಆದ ಮೇಲೆ ಹೊಸದನ್ನು ಹಾಕಿ, ಆಮೇಲೆ ನೆಟ್ ಜೋಡಿಸಿ. ನೆಟ್ ಇದ್ದರೆ ವಿಂಡೋಸ್ ಅಪ್‌ಡೇಟ್ ನಡುವೆ ನುಗ್ಗಿ ತನ್ನದೇ ಡ್ರೈವರ್ ಹಾಕಿಬಿಡುತ್ತದೆ. ‘ಎಲ್ಲ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ’ ಎನ್ನುವ ಸಾಫ್ಟ್‌ವೇರ್‌ಗಳ ಹತ್ತಿರವೂ ಹೋಗಬೇಡಿ. ಹತ್ತು ಡ್ರೈವರ್ ಒಟ್ಟಿಗೆ ಬದಲಾದರೆ ಯಾವುದು ಕೆಡಿಸಿತೆಂದು ತಿಳಿಯುವುದೇ ಇಲ್ಲ.

ಒಂದು ಬದಲಾವಣೆ ಮಾಡಿ, ಎರಡು ಮೂರು ದಿನ ಬಳಸಿ ನೋಡಿ. ಪ್ರತಿ ಸಲ ಬೇರೆ ಕೋಡ್, ಬೇರೆ ಫೈಲ್ ಹೆಸರು ಬರುತ್ತಿದ್ದರೆ ಡ್ರೈವರ್ ಬಿಟ್ಟು ರ‍್ಯಾಮ್ ಪರೀಕ್ಷಿಸಿ: ಸ್ಟಾರ್ಟ್‌ನಲ್ಲಿ ‘ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್’ ಹುಡುಕಿ ಓಡಿಸಿ. ಅದರಲ್ಲಿ ದೋಷ ಕಂಡರೆ, ಎರಡು ಸ್ಟಿಕ್ ಇರುವ ಯಂತ್ರದಲ್ಲಿ ಒಂದನ್ನು ತೆಗೆದು ಮತ್ತೊಮ್ಮೆ ಓಡಿಸಿ.